ನೈಋತ್ಯ ಮೂಲೆಯ ಇಂಗುಬಾವಿ

ನಾನು ಒಂದು ಇಂಗುಬಾವಿ. ನನ್ನಲ್ಲಿ ಯಾರೂ ಕೊಡ ಇಳಿಸಿ ನೀರು ಸೇದುವುದಿಲ್ಲ. ಮಳೆನೀರು ಕುಡಿದು ನೆಲಕ್ಕೆ ಇಳಿಸುವುದೇ ನನ್ನ ಕೆಲಸ. ಅಷ್ಟು ಸುಲಭದ ಕೆಲಸವನ್ನೂ ನನಗೆ ಮಾಡಗೊಡದ ಪುಣ್ಯಾತ್ಮರ ಕಥೆ ಇದು. ಸಿಟ್ಟಿನಲ್ಲೇ ಹೇಳುತ್ತಿದ್ದೇನೆ, ಸಹಿಸಿಕೊಳ್ಳಿ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಗುರುಸಿದ್ಧಪ್ಪ ಎಲಿಗಾರ ಎಂಬ ಸಾವಕಾರರು ನಾಲ್ಕು ಅಂತಸ್ತಿನ ಮಾಲ್ ಕಟ್ಟಿಸುತ್ತಿದ್ದಾಗ. ಬಾವಿ ತೋಡುವ ಹುಲಿಗೆಪ್ಪ ಬಂದ. ನಕ್ಷೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು, ಅಂಗಳದ ನಡುವೆ ಒಂದು ಕೊಡ ನೀರು ಸುರಿದ. ನೀರು ಹರಿದ ಹಾದಿಯಲ್ಲೇ ನಡೆದು, ಅದು ನಿಂತ ಕಡೆ ಹಾರೆ ಊರಿದ. ಅದು ನೈಋತ್ಯ ಮೂಲೆ, ಇಡೀ ಜಾಗದಲ್ಲಿ ಅತಿ ತಗ್ಗು. ಮೂವತ್ತು ಅಡಿ ಆಳ, ಆರು ಅಡಿ ಅಗಲ ತೋಡಿ, ಸಿಮೆಂಟಿನ ರಿಂಗುಗಳನ್ನು ಇಳಿಸಿ, ತಳಕ್ಕೆ ಜಲ್ಲಿ ಹಾಸಿ, ಬಾಯಿಗೆ ಕಬ್ಬಿಣದ ಜಾಳಿಗೆ ಇಟ್ಟ. ಮಾಳಿಗೆಯ ಪೈಪುಗಳೂ ಅಂಗಳದ ಕಾಲುವೆಯೂ ನನ್ನೊಳಗೇ ಬಂದು ಸೇರಿದವು.

ನನ್ನ ಪಕ್ಕದಲ್ಲೇ ನೆಲಮಾಳಿಗೆಗೆ ಇಳಿಯುವ ಇಳಿಜಾರು. ಇಳಿದ ಕೂಡಲೇ ಸಿಗುವುದು ಮೆಹಬೂಬಿಯ ಅಂಗಡಿ. ಸೀರೆಗೆ ಫಾಲ್ ಹಚ್ಚಿ, ಪಿಕೋ ಮಾಡಿ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದ ಹೆಂಗಸು. ಮೋಡ ಕಪ್ಪಾದರೆ ಸಾಕು, ಹೊಲಿಗೆ ಬಿಟ್ಟು ಮೇಲೆ ಬಂದು ನನ್ನ ಜಾಳಿಗೆಯ ಮೇಲಿನ ಪ್ಲಾಸ್ಟಿಕ್ಕು, ಎಲೆ ತೆಗೆದುಹಾಕುತ್ತಿದ್ದಳು. "ಕುಡಿಯೋ ನಮ್ಮಪ್ಪಾ, ಹೊಟ್ಟಿ ತುಂಬ ಕುಡಿ," ಎನ್ನುತ್ತಿದ್ದಳು. ಕುಡಿದೆ. ಎರಡು ಮಳೆಗಾಲ ಅವಳ ಹೊಸ್ತಿಲಿಗೆ ಒಂದು ಹನಿ ಹೋಗಗೊಡಲಿಲ್ಲ.

ಆಮೇಲೆ ಮೂರನೇ ಅಂತಸ್ತಿನ ಅಂಗಡಿಗಳು ಖಾಲಿ ಉಳಿದವು. ಲಿಫ್ಟು ವಾರಕ್ಕೆ ಮೂರು ದಿನ ಕೆಟ್ಟು ನಿಂತರೆ ಯಾರು ಬರುತ್ತಾರೆ? ಸಾವಕಾರರು ಲಿಫ್ಟು ರಿಪೇರಿ ಮಾಡಿಸಲಿಲ್ಲ, ವಾಸ್ತು ಪಂಡಿತರನ್ನು ಕರೆಸಿದರು. ಪಂಡಿತರು ನನ್ನನ್ನು ನೋಡಿ ಹಾವು ತುಳಿದವರಂತೆ ಹಿಂದೆ ಸರಿದರು. "ನೈಋತ್ಯದಾಗ ತಗ್ಗು! ನಿಮ್ಮ ಏಳ್ಗಿ ನುಂಗಾಕತ್ತಿದ್ದು ಇದ ನೋಡ್ರಿ. ನೀರು ಈಶಾನ್ಯದಾಗ ಇರಬೇಕು."

ಈಶಾನ್ಯ ಅಂದರೆ ಈ ಜಾಗದ ನೆತ್ತಿ! ನೀರು ಅಲ್ಲಿಗೆ ಹತ್ತಿಕೊಂಡು ಹೋಗಬೇಕೇ?

ಮುಚ್ಚಲು ಹುಲಿಗೆಪ್ಪನನ್ನೇ ಕರೆಸಿದರು. "ಸಾವಕಾರ್ರ, ನೀರಿಗೆ ವಾಸ್ತು ತಿಳೀತೈತೇನ್ರಿ? ತಗ್ಗಿದ್ದ ಕಡೆ ಹರೀತೈತಿ ಅದು," ಎಂದವನೇ ಹಾರೆ ಹೆಗಲಿಗೇರಿಸಿ ಹೊರಟುಹೋದ. ಮೆಹಬೂಬಿ ಅಂಗಲಾಚಿದಳು: "ಇದನ್ನ ಮುಚ್ಚಿದ್ರ ಎಲ್ಲಾ ನೀರು ನನ್ನ ಅಂಗಡಿಗೇ ಇಳೀತೈತ್ರಿ."

"ನೀ ಸೀರಿ ಹೊಲಕೋತ ಇರವಾ, ವಾಸ್ತು ನಮಗ ಬಿಡು," ಎಂದರು ಸಾವಕಾರರು.

ಬೇರೆ ಜನ ಬಂದು ನನ್ನ ಮೇಲೆ ಕಾಂಕ್ರೀಟಿನ ಚಪ್ಪಡಿ ಹಾಕಿದರು. ಪೈಪುಗಳು ಬರುವ ತೂತುಗಳಿಗೆಲ್ಲ ಸಿಮೆಂಟು ಮೆತ್ತಿದರು. ಈಶಾನ್ಯದಲ್ಲಿ ನನ್ನ ತಮ್ಮನೊಬ್ಬನನ್ನು ತೋಡಿ, ಪೂಜೆಗೆಂದು ಟ್ಯಾಂಕರ್ ತರಿಸಿ ತುಂಬಿಸಿದರು. ಮಳೆಯ ಬಾವಿಗೆ ಟ್ಯಾಂಕರ್ ನೀರು! ನಗಬೇಕೋ ಅಳಬೇಕೋ ಹೇಳಿ.

ಜೂನಿನ ಒಂದು ಮಧ್ಯಾಹ್ನ ಮಳೆ ಹೊಡೆಯಿತು. ನೀರು ಎಂದಿನಂತೆ ನನ್ನನ್ನೇ ಹುಡುಕಿಕೊಂಡು ಬಂತು. ಚಪ್ಪಡಿಯ ಮೇಲೆ ನಿಂತಿತು, ಸುತ್ತಿತು, ಕೊನೆಗೆ ಇಳಿಜಾರು ಹಿಡಿಯಿತು. ಕೆಳಗಿನಿಂದ ಮೆಹಬೂಬಿಯ ಕೂಗು ಕೇಳಿಸಿತು: "ಯಾ ಅಲ್ಲಾ, ಮದಿವಿ ಸೀರಿ ಅದಾವು, ಯಾರರೆ ಬರ್ರಿ!" ನಾನಲ್ಲವೇ ಬರಬೇಕಾದವನು! ಎರಡೇ ಮಾರು ದೂರದಲ್ಲಿ, ಒಣ ಹೊಟ್ಟೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡೆ. ಅವಳ ಅಂಗಡಿಯಲ್ಲಿ ಸೊಂಟಮಟ್ಟ ನೀರು. ಮೂವತ್ತೆರಡು ಸೀರೆಗಳು ಬಣ್ಣ ಬಿಟ್ಟವು, ಹೊಲಿಗೆ ಯಂತ್ರದ ಮೋಟಾರು ಸುಟ್ಟಿತು.

ಪಂಡಿತರು ಮತ್ತೆ ಬಂದರು. ಈಗಲಾದರೂ ನನ್ನನ್ನು ತೆರೆಸುತ್ತಾರೆ ಎಂದುಕೊಂಡೆ. ಅವರು ಮೆಹಬೂಬಿಯ ಅಂಗಡಿಯನ್ನು ನೋಡಿ, "ಬಾಗಲಾ ದಕ್ಷಿಣಕ್ಕೈತಿ. ನೀರು ಕರದದ್ದ ಅದು," ಎಂದರು. ಸಾವಕಾರರು ಅಂಗಡಿ ಖಾಲಿ ಮಾಡೆಂದು ಅವಳಿಗೆ ಹೇಳಿಬಿಟ್ಟರು.

"ಬಾಗಲಾ ಕರೀಲಿಲ್ರಿ ಸಾವಕಾರ್ರ, ನೀವ ಕಳಿಸಿದ್ರಿ," ಎಂದಳು ಅವಳು. ಸಾವಕಾರರು ಮೊಬೈಲು ನೋಡುತ್ತ ನಿಂತಿದ್ದರು. ಸುಟ್ಟ ಯಂತ್ರವನ್ನು ಆಟೋಕ್ಕೆ ಏರಿಸಿಕೊಂಡು ಅವಳು ಹೊರಟುಹೋದಳು. ಇಂಥವರ ನಾಚಿಕೆಗಿಷ್ಟು ಬೆಂಕಿ ಹಾಕ!

ಅವಳ ಅಂಗಡಿಯಲ್ಲೀಗ ನೀರೆತ್ತುವ ಪಂಪು ಕೂತಿದೆ. ಮಳೆ ಬಂದರೆ ಕರೆಂಟು ಹೋಗುತ್ತದೆ, ಹಾಗಾಗಿ ಜನರೇಟರನ್ನೂ ತಂದರು. ನೈಋತ್ಯದಲ್ಲಿ ಭಾರ ಇರಬೇಕಂತೆ; ಅದನ್ನು ನನ್ನ ಚಪ್ಪಡಿಯ ಮೇಲೇ ಕೂರಿಸಿದರು. ಪ್ರತಿ ಮಳೆಗೂ ಅದು ಗುಡುಗುಡು ಎನ್ನುತ್ತ ಪಂಪನ್ನು ಓಡಿಸುತ್ತದೆ. ಪಂಪು ನಾನು ಕುಡಿಯಬೇಕಿದ್ದ ನೀರನ್ನೇ ಮೇಲೆತ್ತಿ ರಸ್ತೆಗೆ ಚೆಲ್ಲುತ್ತದೆ. ಕೆಳಗೆ, ನನ್ನ ಹೊಟ್ಟೆಯಲ್ಲಿ, ಇಪ್ಪತ್ತು ಸಾವಿರ ಲೀಟರಿನ ಜಾಗ ಖಾಲಿ ಬಿದ್ದಿದೆ.