ವಾಪಸು ಬಂದ ಕನ್ನಡಕ

'ಕೆಂಪು ಅಂಕಿ ಪ್ಲಸ್ಸೋ ಮೈನಸ್ಸೋ? ಭಾನುವಾರ ಮಾವನನ್ನು ಕೇಳಲೇಬೇಕು.'

ಅವಳ ದಿನಚರಿಯಲ್ಲಿ ಈ ಸಾಲು ಆಗಲೇ ಐದು ಸಲ ಬಂದಿತ್ತು. ಶನಿವಾರ ಬರೆಯುವುದು, ಭಾನುವಾರ ನುಂಗಿಕೊಳ್ಳುವುದು. ಆರನೆಯ ಸಲ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ನನ್ನ ಕನ್ನಡಕವನ್ನೇ ಆ ಯಂತ್ರಕ್ಕೆ ಇಟ್ಟರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಯಾಕೆ ಇಡುತ್ತಿಲ್ಲ?' ಪುಸ್ತಕ ಮುಚ್ಚಿದಳು.

ಊರಿನ ಸೇವಾ ಕ್ಲಬ್ಬು ಬಸ್ ನಿಲ್ದಾಣಕ್ಕೆ ಬೆಂಚು ಹಾಕಿಸಿತ್ತು, ವರ್ಷಕ್ಕೆರಡು ಸಲ ರಕ್ತದಾನ ಮಾಡಿಸುತ್ತಿತ್ತು. ಇತ್ತೀಚೆಗೆ ಕಡಲಾಚೆಯ ಕೆಲಸವೂ ಒಂದು ಅಂಟಿಕೊಂಡಿತ್ತು. ಅಂಗಡಿಗಳಲ್ಲಿ ಡಬ್ಬಿಯಿಟ್ಟು ಜನ ಬಿಟ್ಟ ಹಳೇ ಕನ್ನಡಕ ಸೇರಿಸಿ, ತೊಳೆದು, ಪವರ್ ಅಳೆದು, ಚೀಟಿ ಕಟ್ಟಿ, ಕಣ್ಣಿನ ಡಾಕ್ಟರೇ ಸಿಗದ ದೂರದ ದೇಶವೊಂದಕ್ಕೆ ಹಡಗಿನಲ್ಲಿ ಕಳಿಸುವುದು. ತೊಳೆಯುವವರು ನಿವೃತ್ತ ಟೀಚರಮ್ಮ. ಅಳೆಯುವ ಯಂತ್ರ ಕೊಟ್ಟವರು ಕನ್ನಡಕದಂಗಡಿ ಇಟ್ಟಿದ್ದ ಅವಳ ಸೋದರಮಾವ. ಡಿಗ್ರಿ ಮುಗಿಸಿ ಮನೆ ಹಿಡಿದಿದ್ದ ಅವಳನ್ನು, "ಮೂಲೇಲಿ ಕೂತ್ರೆ ಗೆದ್ದಲು ಹತ್ತುತ್ತೆ, ಬಾ" ಎಂದು ಕ್ಲಬ್ಬಿನ ಹಿಂದಿನ ಕೋಣೆಗೆ ಎಳೆತಂದವರೂ ಅವರೇ.

ಮೊದಲ ದಿನ ಮಾವ ಯಂತ್ರದ ಚಕ್ರ ತಿರುಗಿಸುತ್ತ, ಗೆರೆ ಚೊಕ್ಕವಾಗಿ ಕಂಡಾಗ ನಿಲ್ಲಿಸಬೇಕು, ಕಪ್ಪು ಅಂಕಿ ಎಂದರೆ ಯಾವುದು, ಕೆಂಪು ಎಂದರೆ ಯಾವುದು ಎಂದು ಎಲ್ಲವನ್ನೂ ಹೇಳಿದ್ದರು. ಸುತ್ತಲಿನವರು ತನ್ನನ್ನೇ ನೋಡುತ್ತಿದ್ದಾರೆಂಬ ಸಂಕೋಚದಲ್ಲಿ ಅವಳಿಗೆ ಅದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗಿತ್ತು.

"ತಿಳೀತಲ್ಲ?"

"ಹೂಂ."

"ಡಿಗ್ರಿ ಓದಿದ ಹುಡುಗಿ ಕಣ್ರೀ, ಎರಡು ಸಲ ಹೇಳೋ ಹಾಗಿಲ್ಲ" ಎಂದು ಮಾವ ಬೀಗಿದ ಮೇಲೆ ಮತ್ತೆ ಕೇಳುವುದು ಹೇಗೆ? ಆಸ್ಪತ್ರೆಯ ಗಾಡಿಯ ಮೇಲಿನ ಪ್ಲಸ್ ಗುರುತು ಕೆಂಪಲ್ಲವೇ, ಹಾಗಾದರೆ ಕೆಂಪು ಪ್ಲಸ್ಸು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. ಆ ತೀರ್ಪನ್ನು ನಂಬಿ ಒಂಬೈನೂರು ಕನ್ನಡಕ ಸಮುದ್ರ ದಾಟಿದವು. ಆಮೇಲೊಂದು ದಿನ ಟೀಚರಮ್ಮ ಸೋಪಿನ ನೊರೆ ಕೊಡವುತ್ತ ಏನೋ ಮಾತಿಗೆ, "ಕೆಂಪು ಶಾಯಿ ಅಂದ್ರೆ ಕಳೆಯೋದೇ ಕಣೇ. ಮೂವತ್ತು ವರ್ಷ ಮಕ್ಕಳ ಮಾರ್ಕ್ಸ್ ಕಳೆದ ಕೈ ಇದು" ಎಂದು ನಕ್ಕರು. ಅವಳ ತಲೆಗೆ ಹುಳು ಹೊಕ್ಕಿದ್ದು ಆಗಲೇ.

ಆರನೆಯ ಸಲ ಬರೆದ ಮರುದಿನ, ಭಾನುವಾರ, ಎರಡನೆಯ ಕಂತಿನ ಹನ್ನೊಂದು ಪೆಟ್ಟಿಗೆ ಬಾಗಿಲ ಬಳಿ ಸಿದ್ಧವಾಗಿದ್ದವು. ಪ್ರತಿಯೊಂದರ ಮೇಲೂ 'ಪರೀಕ್ಷಿಸಲಾಗಿದೆ' ಎಂಬ ಕಾಗದ, ಅದರಡಿ ಮಾವನ ಸಹಿ. ಹನ್ನೆರಡಕ್ಕೆ ಗಾಡಿ ಬರಬೇಕು. ಅಷ್ಟರಲ್ಲಿ ಕ್ಲಬ್ಬಿನ ಅಧ್ಯಕ್ಷರು ಪುಟ್ಟ ಪೊಟ್ಟಣ ಹಿಡಿದು ಬಂದರು. ಮರದ ಮಿಲ್ಲಿನ ಯಜಮಾನರು. ಗರಗಸದ ಸದ್ದನ್ನು ಮೀರಿಸಿ ರೂಢಿಯಾದ ಗಂಟಲು.

"ಅಲ್ಲಿಂದ ಕಾಗದ ಬಂದಿದೆ! ಹೆಣ್ಣುಮಗಳೊಬ್ಬಳು ಹೇಳಿದ್ದನ್ನ ಅಲ್ಲಿಯ ನರ್ಸು ಬರೆದುಕೊಟ್ಟಿದಾರೆ. ಕೇಳಿ."

'ನನ್ನ ಗಂಡನಿಗೆ ದೂರದ್ದು ಮಸುಕಾಗಿತ್ತು. ನಿಮ್ಮ ಕನ್ನಡಕ ಹಾಕಿದ ಮೇಲೆ ತಲೆ ಸುತ್ತುತ್ತದೆ, ಇನ್ನೂ ಮಸುಕು ಎಂದರು. ಅಭ್ಯಾಸವಾಗುತ್ತದೆ, ತೆಗೆಯಬೇಡಿ ಎಂದು ಕನ್ನಡಕ ಹಂಚಿದ ಶಿಬಿರದವರು ಹೇಳಿದರು. ತೆಗೆಯಲಿಲ್ಲ. ಒಂಬತ್ತನೆಯ ದಿನ ಕಟ್ಟಡದ ಮೇಲೆ ಗಾರೆ ಹೊತ್ತು ಹೋಗುವಾಗ, ಹಲಗೆ ಹತ್ತಿರವಿದೆ ಎಂದು ಕಾಲಿಟ್ಟರಂತೆ. ಹತ್ತಿರವಿರಲಿಲ್ಲ. ಅವರನ್ನು ಮಣ್ಣು ಮಾಡಿ ಬಂದೆವು. ಕನ್ನಡಕ ಮರಳಿನ ಮೇಲೆ ಬಿದ್ದಿತ್ತು, ಒಡೆದಿಲ್ಲ. ಚೀಟಿಯನ್ನೂ ಜೋಪಾನ ಮಾಡಿದ್ದರು. ಬೇರೆ ಯಾರಿಗಾದರೂ ಕೊಡಿ. ಅಷ್ಟು ದೂರದಿಂದ ನಮ್ಮನ್ನು ನೆನೆದಿರಿ, ನಿಮ್ಮ ಮಕ್ಕಳು ಚೆನ್ನಾಗಿರಲಿ.'

ಟೀಚರಮ್ಮ ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡರು.

"ಎಂಥ ದೊಡ್ಡ ಮನಸ್ಸು ನೋಡಿ!" ಎಂದರು ಅಧ್ಯಕ್ಷರು. "ವರ್ಷದ ವರದಿಗೆ ಹಾಕ್ಸೋಣ. ಬಿದ್ದಿದ್ದು ಗಿದ್ದಿದ್ದು ಬೇಡ, ಕೊನೇ ಎರಡು ಸಾಲು ಸಾಕು. ತಗೊಳಮ್ಮ ಗುಮ್ಮನಗುಸುಕಿ, ಇದನ್ನೂ ಒಂದು ಪೆಟ್ಟಿಗೆಗೆ ಹಾಕ್ಬಿಡು."

ಕಾಗದ, ಕನ್ನಡಕ ಎರಡೂ ಅವಳ ಕೈಗೆ ಬಂದವು. ಚೀಟಿಯ ಮೇಲೆ ಅವಳದೇ ದುಂಡಕ್ಷರ: ಮೈನಸ್ ಎರಡು.

ಅವಳ ಕನ್ನಡಕವೂ ಮೈನಸ್ ಎರಡೇ. ಹೈಸ್ಕೂಲಿನಲ್ಲಿದ್ದಾಗ ಮಾವನೇ ಅಳೆದು ಕೊಟ್ಟದ್ದು. ಅದನ್ನು ತೆಗೆದು ಕಾಗದದ ಮೇಲೆ ಹಿಡಿದಳು. ಅಕ್ಷರಗಳು ಕುಗ್ಗಿ ಸಣ್ಣಗಾದವು. ಅದನ್ನು ಸರಿಸಿ ಸತ್ತವನ ಕನ್ನಡಕ ಹಿಡಿದಳು. ಅವೇ ಅಕ್ಷರಗಳು ಉಬ್ಬಿಕೊಂಡು ಮೇಲೆದ್ದು ಬಂದವು. ಅದು ಪ್ಲಸ್ಸು. ಚೀಟಿಯ ಪ್ರಕಾರ ಒಂದೇ ಆಗಿರಬೇಕಾದ ಎರಡು ಗಾಜು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ಆರು ಶನಿವಾರ ತಾನು ಅಂಜಿ ಕೂತದ್ದು ಈ ಒಂದು ನಿಮಿಷಕ್ಕೆ.

ಹೊರಗೆ ಹಾರನ್ ಕೇಳಿತು. ಹಮಾಲಿ ಬಂದು ಮೊದಲ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡ.

"ಏನೇ, ಗರ ಬಡಿದ ಹಾಗೆ ನಿಂತೆ?" ಎಂದರು ಮಾವ. "ಹಾಕು ಬೇಗ. ಆ ಮನುಷ್ಯನ ಹಣೇಲಿ ಹಾಗೆ ಬರೆದಿತ್ತು, ಏನ್ಮಾಡಕ್ಕಾಗುತ್ತೆ? ನಾವಂತೂ ಮಾಡೋದನ್ನ ಸರಿಯಾಗೇ ಮಾಡಿದೀವಿ. ಅಲ್ವಾ?"

ಹೂಂ ಎನ್ನುವುದು ಗಂಟಲವರೆಗೆ ಬಂದೇಬಿಟ್ಟಿತ್ತು. ಅಂದುಬಿಟ್ಟರೆ ಸಾಕು; ಮಾವನ ಸಹಿಗೂ ಮಸಿ ತಾಗದು, ಅವಳ ಮುಖಕ್ಕೂ ತಾಗದು. ಎರಡನೆಯ ಪೆಟ್ಟಿಗೆ ಹೊಸ್ತಿಲು ದಾಟಿತು. ಅದರೊಳಗೆ ಎಷ್ಟು ಜನರ ಒಂಬತ್ತನೆಯ ದಿನ ಇದೆಯೋ.

"ಮಾವ" ಎಂದಳು. ಯಾರಿಗೂ ಕೇಳಿಸಲಿಲ್ಲ. ಅವಳು ತಾನಾಗಿ ಬಾಯಿಬಿಡುವುದನ್ನು ಆ ಕೋಣೆಯಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ. ಮೂರನೆಯ ಪೆಟ್ಟಿಗೆಗೆ ಬಗ್ಗಿದ ಹಮಾಲಿಯ ಮುಂದೆ ಹೋಗಿ, ಅದರ ಮೇಲೆ ಎರಡೂ ಕೈ ಊರಿ ನಿಂತಳು.

"ಪೆಟ್ಟಿಗೆ ಇಳಿಸಿ. ಚೀಟಿಗಳನ್ನೆಲ್ಲ ನಾನು ತಿರುವುಮುರುವು ಬರೆದಿದೀನಿ, ಮಾವ. ಆ ಮನುಷ್ಯ ಬಿದ್ದಿದ್ದು ನನ್ನಿಂದ."