ಊರಿಗೆ ಒಂದೇ ಕುರ್ಚಿ

"ಲೇ ಹುಲಿಗೀ, ನಿನ್ ಗಂಡ ಹದಿನೆಂಟು ವರ್ಷ ಪಲ್ಟನ್ನಾಗೆ ಏನ್ ಕಿತ್ತು ಗುಡ್ಡೆ ಹಾಕಿದ್ನೇ? ಜಗಳೂರು ಕಡೆ ಸೊಕ್ಕೆಯೋನು ಒಬ್ಬ ಇವನ ಜತೆಗೇ ಸೇರಿದ್ನಂತೆ, ಜಮಾದಾರ ಆಗಿ ಬಂದಾನೆ. ನಿಮ್ಮೋನು ಬರೀ ಹವಾಲ್ದಾರ. ಥೂ, ಊರ ಮಾನ ಕಳೆದ!"

ಪಟೇಲ ಕೊಟ್ರಬಸಪ್ಪನವರು ಜಗಲಿಯ ಮೇಲೆ ಕೂತು ಹಲ್ಲುಜ್ಜುತ್ತಾ ಇದನ್ನು ಹೇಳಿದಾಗ ನಾನು ಅವರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಬೇವಿನ ಕಡ್ಡಿಯ ರಸವನ್ನು ನನ್ನ ಕಡೆಗೇ ಉಗಿದರು. ನಾನೂ ನಕ್ಕೆ. ಸುಳ್ಳೇಕೆ ಹೇಳಲಿ, ಆ ಮಾತಿಗೆ ನನಗೆ ಪಟೇಲರ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಗಂಡನ ಮೇಲೆ ಬರುತ್ತಿತ್ತು.

ಜರ್ಮನಿಯವರ ಯುದ್ಧ ಮುಗಿದ ಮರುವರ್ಷ ಅದು. ನನ್ನ ಗಂಡ ಜಂಪಣ್ಣ ಪಲ್ಟನ್ನು ಬಿಟ್ಟು ಊರಿಗೆ ಬಂದು ಆರು ತಿಂಗಳಾಗಿತ್ತು. ಹದಿನೆಂಟು ವರ್ಷಕ್ಕೆ ತೋಳಿನ ಮೇಲೆ ಮೂರು ಪಟ್ಟಿ. "ಆರು ವರ್ಷಕ್ಕೊಂದು! ಮೂರು ಪಟ್ಟಿ ಬರಾದ್ರಾಗೆ ನಮ್ಮೆಮ್ಮೆ ಏಳು ಕರ ಹಾಕ್ತು. ಅದಕ್ಕಾದ್ರೂ ಕೊಟ್ಟಿದ್ರೆ ಜಮಾದಾರಿಕೆ ಮಾಡ್ತಿತ್ತು" ಎಂದು ನಾನು ಛೇಡಿಸುತ್ತಿದ್ದೆ. "ಎಮ್ಮೆಗೆ ಪಲ್ಟನ್ನಿನ ಉರ್ದು ಬರಲ್ಲ ಕಣೇ" ಎನ್ನುತ್ತಿದ್ದ ಅವನು. ಸಿಟ್ಟು ಮಾಡಿಕೊಳ್ಳುವುದೂ ಬಾರದ ಗಂಡಸು.

ನಮ್ಮ ಕೇರಿಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹುಡುಕಿದ್ದರು. ಗೌಡರ ಮುಂದೆ ಬಾಗಿ ಬಾಗಿ ರೂಢಿಯಾಗಿ ಇವನಿಗೆ ನೆಟ್ಟಗೆ ನಿಲ್ಲುವುದೇ ಬಂದಿಲ್ಲ ಎಂದು ಒಬ್ಬ. ಸಾಹೇಬನ ನಾಯಿಗೆ ಕಲ್ಲು ಹೊಡೆದಿರಬೇಕು ಎಂದು ಇನ್ನೊಬ್ಬ. ಅವನನ್ನೇ ಕೇಳಿದರೆ, "ಮೂರು ಸಲ ಸಾಹೇಬ್ರು ಜಮಾದಾರಿಕೆಗೆ ನನ್ ಹೆಸ್ರು ಬರ್ಕಂಡ್ರು. ಎಲ್ಲಿಗೋ ಕಾಗದ ಹೋಗಾದು, ತಿರುಗಿ ಬರಾದು, ಹೆಸ್ರು ಹೊಡೆದು ಹಾಕಾದು. ನಾನೇ ದಡ್ಡ ಇರ್ಬೇಕು" ಎನ್ನುತ್ತಿದ್ದ. ಇರಬಹುದು ಎಂದು ನಾನೂ ಅಂದುಕೊಂಡಿದ್ದೆ.

ಪಟೇಲರು ಬಾಯಿ ಮುಕ್ಕಳಿಸುವ ಹೊತ್ತಿಗೆ ಶಾನುಭೋಗರು ಒಂದು ಕಾಗದ ಹಿಡಿದು ಬಂದರು.

"ನಾಳೆ ಬೆಳಿಗ್ಗೆ ಅಮಲ್ದಾರ್ರು ಹೊನ್ನಾಳಿಯಿಂದ ಬರ್ತಾರೆ. ಇದಕ್ಕೆ ಉತ್ತರ ಅವರ ಕೈಗೇ ಕೊಡ್ಬೇಕಂತೆ ಗೌಡ್ರೇ. ಜಂಪನ ಭಾಮೈದ ಅಂಜಿನಪ್ಪ ಇದಾನಲ್ಲ, ಪಲ್ಟನ್ನಾಗೆ ಅವನನ್ನ ಜಮಾದಾರ ಮಾಡ್ತಾರಂತೆ. ನಡತೆ ಹೆಂಗೆ, ಮನೆತನ ಹೆಂಗೆ, ಊರ ಪಟೇಲರು ಬರೆದು ಕೊಡ್ಬೇಕು."

ಅಂಜಿನಪ್ಪ ನನ್ನ ಬೆನ್ನಿಗೆ ಬಿದ್ದ ತಮ್ಮ, ನನ್ನ ತವರೂ ಇದೇ ಕೇರಿ. ನನ್ನ ಕೈ ಅಲ್ಲಿಗೇ ನಿಂತಿತು.

"ಜಂಪಂಗೆ ಬರ್ದಂಗೆ ಇವನಿಗೂ ಬರೀರಿ" ಎಂದರು ಪಟೇಲರು. "ಕುಡುಕ, ಮನೆತನ ನೆಟ್ಟಗಿಲ್ಲ, ಕಳ್ಳತನದ ಗುಮಾನಿ ಐತೆ ಅಂತ. ಮೂರು ಸಲಾನೂ ನಡೀತಲ್ಲ."

"ಪಾಪ, ಜಂಪ ಕುಡಿಯಾದೇ ಇಲ್ವಲ್ಲ."

"ನೋಡ್ರೀ, ಜಮಾದಾರ ಆದೋನು ಬಂದ್ರೆ ಅಮಲ್ದಾರ್ರ ಪಕ್ಕ ಕುರ್ಚಿ ಹಾಕ್ಬೇಕು, ಸರ್ಕಾರದ ಹುಕುಂ. ಊರಾಗೆ ಇರಾದು ಒಂದೇ ಕುರ್ಚಿ. ಅಮಲ್ದಾರ್ರು ಬಂದಾಗ ಅವರು ಕುಂತ್ಕಂತಾರೆ, ಪಟೇಲ ನಾನೇ ಕೈ ಕಟ್ಟಿ ನಿಂತ್ಕಂತೀನಿ. ನಾನು ನಿಂತಿರಾಕೆ, ಆ ಬೋಳಿಮಗ ಕುಂತಿರಾಕೆ? ಯಾವ ಊರ ನ್ಯಾಯ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎಂಟು ಮೊಳ ದೂರದಲ್ಲಿದ್ದೆ. ಸಗಣಿ ಬಾಚುವವಳಿಗೂ ಕಿವಿ ಇರುತ್ತದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಅವರು ಅಂಜುತ್ತಿರಲಿಲ್ಲ ಬಿಡಿ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವನು ಹರಿದ ಬೂಟಿಗೆ ಹೊಲಿಗೆ ಹಾಕುತ್ತಿದ್ದವನು ಸೂಜಿ ಕೆಳಗಿಟ್ಟ.

"ಕುಡುಕ ಅಂತ ಬರ್ದಿದ್ರಾ?"

"ಹೂಂ. ಮೂರು ಸಲ."

"ಅಯ್ಯೋ ಇವರ! ನನ್ ಪಾಲಿನ ರಮ್ಮನ್ನೆಲ್ಲಾ ಆ ಸೊಕ್ಕೆಯೋನಿಗೇ ಕೊಡ್ತಿದ್ನಲ್ಲೇ! ಕುಡಿದೋನು ಜಮಾದಾರ ಆದ!"

ಮೊದಲು ನಕ್ಕವನು ಅವನೇ. ಆಮೇಲೆ ಅವನ ಬಾಯಿ ಸೊಟ್ಟಗಾಯಿತು. ಬರ್ಮಾಕ್ಕೆ ಹೊರಟ ದಿನವೂ ಅಳದಿದ್ದವನು ಮೊಣಕಾಲ ಮೇಲೆ ಮುಖ ಇಟ್ಟ. "ಇಷ್ಟು ವರ್ಷ ನಾನು ದಡ್ಡ ಅಂತ ನಾನೇ ನಂಬಿದ್ನಲ್ಲೇ ಹುಲಿಗೀ" ಎಂದ. ನಂಬಿದ್ದವಳು ನಾನೂ ಅಲ್ಲವೇ? ನಂಬಿ ನಗಾಡಿದ್ದೂ ನಾನೇ.

"ಅಂಜಿನಪ್ಪಂಗೂ ಹಿಂಗೇ ಮಾಡ್ತಾರೆ. ಅಮಲ್ದಾರ್ರಿಗೆ ಹೇಳಾನ" ಎಂದೆ.

"ಹೆಂಗೆ ಹೇಳ್ತೀಯ? ಚಾವಡಿ ಹತ್ರಕ್ಕೇ ಬಿಡಲ್ಲ. ನಾವು ಬಾಯಿ ಬಿಡಾದ್ರೊಳಗೆ ಎಳೆದು ಹಾಕ್ತಾರೆ."

ಅದೂ ನಿಜವೇ. ಆದರೆ ಚಾವಡಿಯ ಮುಂದಿನವರೆಗೆ ನನಗೊಂದು ದಾರಿ ಇತ್ತು. ಅಮಲ್ದಾರರು ಬಂದಾಗ ಪಟೇಲರ ಮನೆಯಿಂದ ಆ ಕುರ್ಚಿ ಹೋಗುತ್ತಿದ್ದದ್ದು ನನ್ನ ತಲೆಯ ಮೇಲೆ. ನನಗಿಂತ ಮುಂಚೆ ನನ್ನ ಅತ್ತೆಯ ತಲೆಯ ಮೇಲೆ. ಕೂರುವ ಹಾಗಿಲ್ಲ, ಹೊರಬಹುದು. ಚಾವಡಿಯ ಮುಂದೆ ಕೆಳಗಿಳಿಸಿ ನಾನು ದೂರ ಸರಿಯಬೇಕು, ತಳವಾರ ಮೈಲಿಗೆ ಕಳೆಯಲು ನೀರು ಚಿಮುಕಿಸಬೇಕು, ಆಮೇಲೆ ಅದು ಮೇಲಕ್ಕೆ ಹೋಗಬೇಕು. ನಾನು ಹಿಡಿದಿರುವಷ್ಟು ಹೊತ್ತು ಊರಿನವರು ಯಾರೂ ಅದರ ಕಾಲನ್ನೂ ಮುಟ್ಟುವಂತಿಲ್ಲ, ಮುಟ್ಟಿದರೆ ನನ್ನನ್ನೇ ಮುಟ್ಟಿದ ಹಾಗೆ. ಈ ಕಟ್ಟಳೆ ಮಾಡಿದ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ.

ಮರುದಿನ ಅಮಲ್ದಾರರು ಬಂದು ಗಾಡಿ ಇಳಿದು ನಿಂತರು. ಕನ್ನಡಕದ, ಸಣಕಲು ಮನುಷ್ಯ. ಊರೆಲ್ಲ ಸೇರಿತ್ತು, ನಮ್ಮ ಕೇರಿಯವರು ದೂರದಲ್ಲಿ ನಿಂತಿದ್ದರು. ನಾನು ಕುರ್ಚಿ ಹೊತ್ತುಕೊಂಡು ಬಂದು ಅಮಲ್ದಾರರ ಎದುರಿಗೆ ನಿಂತೆ. ಇಳಿಸಲಿಲ್ಲ.

"ಇಳಿಸೇ" ಎಂದರು ಪಟೇಲರು.

"ಇಳಿಸ್ತೀನಿ ಬುದ್ಧೀ. ಮೊದ್ಲು ದೊರೆಗಳಿಗೆ ಒಂದು ಮಾತು ಹೇಳಾದೈತೆ."

"ಇಳಿಸೇ ಸೂಳೇ!"

ಕೈ ಎತ್ತಿಕೊಂಡು ಎರಡು ಹೆಜ್ಜೆ ಬಂದವರು ಹಾಗೇ ನಿಂತರು. ಹೊಡೆಯಬೇಕೆಂದರೆ ನನ್ನನ್ನು ಮುಟ್ಟಬೇಕು. ಕುರ್ಚಿ ಕಿತ್ತುಕೊಳ್ಳಬೇಕೆಂದರೂ ಮುಟ್ಟಬೇಕು. ಸ್ನಾನ, ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದಿದ್ದರು, ಪಾಪ. ತಳವಾರ ಉದ್ದನೆಯ ಕೋಲು ತಂದು ತಿವಿಯಲು ಬಂದ. "ಲೇ, ಬಿದ್ದು ಮುರಿದೀತು ಕಣೋ!" ಎಂದು ಪಟೇಲರೇ ಕೂಗಿಕೊಂಡರು. ಬೀಟೆಯ ಕುರ್ಚಿ, ಊರಿಗೆಲ್ಲ ಒಂದೇ.

"ಏನಮ್ಮಾ ನಿನ್ನದು?" ಎಂದರು ಅಮಲ್ದಾರರು ಬೆವರು ಒರೆಸಿಕೊಳ್ಳುತ್ತಾ.

"ಸ್ವಾಮೀ, ನನ್ ಗಂಡ ಹದಿನೆಂಟು ವರ್ಷ ಪಲ್ಟನ್ನಾಗೆ ದುಡಿದು ಹವಾಲ್ದಾರನಾಗೇ ಬಂದ. ಜಮಾದಾರ ಆದ್ರೆ ನಿಮ್ ಪಕ್ಕ ಕುರ್ಚಿ ಹಾಕ್ಬೇಕಾಗ್ತೈತೆ ಅಂತ ಊರಿಂದ ಸುಳ್ಳು ಬರ್ದು ಕಳ್ಸಿದ್ರು. ಇವತ್ತು ನನ್ ತಮ್ಮಂದೂ ಕಾಗದ ನಿಮ್ ಕೈಗೆ ಬರ್ತೈತೆ. ಶಾನುಭೋಗ್ರ ಹತ್ರ ಐತೆ. ಅದರಾಗೆ ಏನು ಬರ್ದಾರೆ, ಎಲ್ರ ಮುಂದೆ ಓದಿಸ್ರಿ. ಆಮ್ಯಾಲೆ ಇಳಿಸ್ತೀನಿ."

ಪಟೇಲರು ನಮ್ಮ ಕೇರಿಯವರು ನಿಂತಿದ್ದ ಕಡೆ ತಿರುಗಿದರು. "ಏ ಜಂಪಣ್ಣಾ, ಬಾರೋ ಇಲ್ಲಿ! ಹೇಳೋ ನಿನ್ ಹೆಂಡ್ತಿಗೆ!"

ಹುಟ್ಟಿದಾಗಿನಿಂದ ಅವರ ಬಾಯಲ್ಲಿ ಜಂಪ ಆಗಿದ್ದವನು ಅಂದು ಅಣ್ಣನಾದ. ಬೂಟು ಹಾಕಿಕೊಂಡು, ಖಾಕಿ ಕೋಟು ತೊಟ್ಟುಕೊಂಡು, ಊರವರ ನಡುವೆಯೇ ನಡೆದು ಬಂದ. ಎಲ್ಲರೂ ಸರಿದು ದಾರಿ ಬಿಟ್ಟರು, ಮೈ ತಾಗೀತಲ್ಲ! ನನ್ನ ಪಕ್ಕ ನಿಂತು ಹಿಮ್ಮಡಿ ಕುಟ್ಟಿ ಅಮಲ್ದಾರರಿಗೆ ಸಲಾಮು ಹೊಡೆದ. ಅಷ್ಟು ನೆಟ್ಟಗೆ ನಿಂತದ್ದನ್ನು ನಾನೇ ಕಂಡಿರಲಿಲ್ಲ.

"ಬುದ್ಧೀ, ನಾನು ಬರೀ ಹವಾಲ್ದಾರ" ಎಂದ ಪಟೇಲರಿಗೆ. "ಆಕೆ ನನಗಿಂತ ಮ್ಯಾಲಿನೋಳು. ಆಕೆಗೆ ಹುಕುಂ ಕೊಡಾಕೆ ನನಗೆ ಬರಲ್ಲ."

ಕೇರಿಯವರ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅಮಲ್ದಾರರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಓದ್ರಿ ಶಾನುಭೋಗ್ರೇ" ಎಂದರು.

ಶಾನುಭೋಗರು ಪಟೇಲರ ಮುಖ ನೋಡಿದರು. ಪಟೇಲರು ನೆಲ ನೋಡಿದರು. ಶಾನುಭೋಗರು ಕಾಗದ ಬಿಚ್ಚಿ ನನ್ನ ತಮ್ಮನ ಹೆಸರು ಓದಿದರು, ನಮ್ಮಪ್ಪನ ಹೆಸರು ಓದಿದರು, ಊರಿನ ಹೆಸರು ಓದಿದರು. ನಡತೆ ಎಂಬಲ್ಲಿಗೆ ಬಂದು ನಿಂತರು. ಕೆಮ್ಮಿದರು. ಶಲ್ಯದಿಂದ ಮುಖ ಒರೆಸಿಕೊಂಡು ಮತ್ತೆ ಕೆಮ್ಮಿದರು.

ಬಿಸಿಲು ಏರಿತ್ತು. ನನ್ನ ಕತ್ತಿನ ನರ ಸಿಡಿಯುತ್ತಿತ್ತು, ಕುರ್ಚಿಯನ್ನು ತಲೆಯ ಮೇಲೆ ಇನ್ನೊಮ್ಮೆ ನೆಟ್ಟಗೆ ಮಾಡಿಕೊಂಡೆ.

"ನಿಧಾನಕ್ಕೇ ಓದ್ರಿ ಸ್ವಾಮೀ" ಎಂದೆ. "ನಮಗೇನೂ ಅವಸರ ಇಲ್ಲ."

ಅಮಲ್ದಾರರು ಇನ್ನೂ ನಿಂತೇ ಇದ್ದರು.