ಶುಕೂರನ ಹೆಸರಿನ ಸಿಮ್

ಬಡಾಯಿ ಕೊಚ್ಚುವುದಿಲ್ಲ, ಗಲ್ಫ್‌ನ ರುವೈಸ್‌ನಲ್ಲಿರುವ ನಮ್ಮ ತೈಲ ಸ್ಥಾವರದ ಗೇಟಿನಲ್ಲಿ ಹತ್ತೊಂಬತ್ತು ವರ್ಷ ಪಾಸ್ ಕೊಟ್ಟವನು ನಾನು. ಯಾರು ರಜೆಗೆ ಹೋಗಿ ಗಡ್ಡ ಬಿಟ್ಟು ಬಂದಿದ್ದಾರೆ, ಯಾರು ತಲೆಗೆ ಬಣ್ಣ ಹಚ್ಚಿದ್ದಾರೆ, ಎಲ್ಲ ನನಗೆ ಗೊತ್ತಿತ್ತು. ಕಳೆದ ವರ್ಷ ಹೊಸ ವ್ಯವಸ್ಥೆ ಬಂತು. ತೈಲ ಸ್ಥಾವರ ಎಂದರೆ ದೇಶದ ಜೀವ, ಆಕಾಶದಲ್ಲಿ ಡ್ರೋನ್ ಹಾರುವ ಕಾಲ ಇದು, ಮನುಷ್ಯರ ಕಣ್ಣು ಸಾಲದು ಎಂದು ಸಭೆ ಕರೆದು ಹೇಳಿದರು. ಇನ್ನು ಮುಂದೆ ಕೃತಕ ಬುದ್ಧಿಮತ್ತೆಯೇ ಒಬ್ಬೊಬ್ಬನ ಮುಖ, ಫೋನು, ಓಡಾಟ ಎಲ್ಲವನ್ನೂ ಜೋಡಿಸಿ ನೋಡಿ ಹಸಿರು ಇಲ್ಲವೇ ಕೆಂಪು ತೋರಿಸುತ್ತದಂತೆ. ಕೆಂಪು ಬಂದವನನ್ನು ಒಳಗೆ ಬಿಡುವ ಹಾಗಿಲ್ಲ. ಕುರ್ಚಿ ನನ್ನದೇ ಉಳಿಯಿತು, ಕೆಲಸ ಅದರದ್ದಾಯಿತು. ನನಗೆ ಚಹಾ ಕುಡಿಯಲಿಕ್ಕೆ ಸಂಬಳ.

ಜನವರಿಯ ಒಂದು ಬೆಳಿಗ್ಗೆ ಆರೂವರೆಗೆ ಶುಕೂರನಿಗೆ ಕೆಂಪು ಬಂತು.

ಶುಕೂರ್ ಉಳ್ಳಾಲದ ಬ್ಯಾರಿ, ಪಂಪ್ ಟೆಕ್ನಿಷಿಯನ್. ಇಪ್ಪತ್ತಾರು ವರ್ಷದಿಂದ ಇದೇ ಸ್ಥಾವರದಲ್ಲಿ ದುಡಿದವನು. ಈದ್‌ಗೆ ಅವನ ಬಿರಿಯಾನಿ ನನಗೆ, ಕ್ರಿಸ್‌ಮಸ್‌ಗೆ ನನ್ನ ಕುಸ್ವಾರ್ ತಿಂಡಿ ಅವನಿಗೆ. ಕ್ರೈಸ್ತನಾದ ನಾನು ಅವನ ಬಾಯಲ್ಲಿ 'ಪೊರ್ಬುಗಳು'. ದಿನಾ ಗೇಟಿನಲ್ಲಿ ನನ್ನನ್ನು ಕೆಣಕದೆ ಅವನು ಒಳಗೆ ಹೋದದ್ದೇ ಇಲ್ಲ.

"ಎಂತ ಪೊರ್ಬುಗಳೇ, ನಿಮ್ಮ ಮಿಷನ್‌ಗೆ ನನ್ನ ಮೋರೆ ಇಷ್ಟ ಆಗ್ಲಿಲ್ವಾ?"

"ನನಗೇ ಇಷ್ಟ ಇಲ್ಲ ಬ್ಯಾರಿಗಳೇ, ಇನ್ನು ಅದಕ್ಕೆ ಎಲ್ಲಿಂದ ಆಗ್ಬೇಕು? ಕನ್ನಡಕ ತೆಗೆದು ಇನ್ನೊಮ್ಮೆ ನಿಲ್ಲಿ."

ಇನ್ನೊಮ್ಮೆಯೂ ಕೆಂಪು. ಮೂರನೆಯ ಸಲ ಗೇಟು ತಾನಾಗಿಯೇ ಬೀಗ ಹಾಕಿಕೊಂಡಿತು, ಇಬ್ಬರು ಗಾರ್ಡ್‌ಗಳು ಬಂದು ಅವನ ಎರಡೂ ಬದಿ ನಿಂತರು. ಹಿಂದೆ ಸಾಲಿನಲ್ಲಿದ್ದವರು ಅವನಿಂದ ಒಂದೊಂದು ಹೆಜ್ಜೆ ದೂರ ಸರಿದರು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತಾರು ವರ್ಷ ಒಟ್ಟಿಗೆ ಉಂಡವರು, ಥೂ!

ಕೆಂಪು ಬಂದರೆ ಹದಿನಾಲ್ಕು ದಿನದ ಗಡುವು. ಅಷ್ಟರಲ್ಲಿ ಹಸಿರಾಗದಿದ್ದರೆ ಪಾಸ್ ರದ್ದು. ಪಾಸ್ ಇಲ್ಲದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ವೀಸಾ ಇಲ್ಲ, ಆಮೇಲೆ ಬೇರೆ ಯಾವ ಸ್ಥಾವರದವರೂ ಹತ್ತಿರ ಸೇರಿಸುವುದಿಲ್ಲ. ಅವನ ಮಗಳು ಫರ್ಝಾನ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಮುಗಿಯಲಿಕ್ಕೆ ಇನ್ನೂ ಎರಡು ವರ್ಷ ಬಾಕಿ ಇತ್ತು.

ನಾನು ನೇರ ನಮ್ಮ ಮೇಲಧಿಕಾರಿ, ಇಲ್ಲಿನ ಮಾತಿನಲ್ಲಿ ಮುದೀರ್, ಸಾಲೆಮ್ ಹತ್ತಿರ ಹೋದೆ. ಈ ನೆಲದವನೇ, ನನಗಿಂತ ಹದಿನೈದು ವರ್ಷ ಚಿಕ್ಕವನು, ಮರ್ಯಾದಸ್ಥ. ಪರದೆಯಲ್ಲಿ ಶುಕೂರನ ಹೆಸರಿನ ಮುಂದೆ ತೊಂಬತ್ತೊಂದು ಎಂಬ ಅಂಕೆ ಮಾತ್ರ ಇತ್ತು. ನೂರಕ್ಕೆ ಹತ್ತಿರವಾದಷ್ಟೂ ಅಪಾಯ ಹೆಚ್ಚು ಎಂದ.

"ಯಾಕೆ ಅಂತ ಒಂದು ಕಾರಣ ಇರ್ಬೇಕಲ್ಲ ಸಾರ್?"

"ಅದು ಯಾಕೆ ಅಂತ ಹೇಳುವುದಿಲ್ಲ ಹರ್ಬರ್ಟ್. ತೀರ್ಮಾನ ಮಾತ್ರ ಹೇಳುತ್ತದೆ."

"ಹಾಗಾದರೆ ನೀವು ಬದಲಾಯಿಸಿ. ನೀವು ಮುದೀರ್ ಅಲ್ಲವಾ?"

"ನಾನು ಮುದೀರ್ ನಿಮಗೆ. ಅದಕ್ಕಲ್ಲ," ಎಂದು ಅವನು ನಕ್ಕ. ನಗು ಬಂದದ್ದು ಅವನಿಗೂ ಬೇಸರದಿಂದಲೇ.

ನಾಲ್ಕು ದಿನ ಅವನ ತಲೆ ತಿಂದೆ. ಐದನೆಯ ದಿನ, ನನ್ನ ಕಾಟ ತಡೆಯಲಾರದೆ, ಎಲ್ಲಿಂದಲೋ ಒಂದು ಸಾಲು ಹುಡುಕಿ ತೆಗೆದು ಪರದೆಯನ್ನು ನನ್ನ ಕಡೆ ತಿರುಗಿಸಿದ. ಶುಕೂರನ ಹೆಸರಿನಲ್ಲಿ ಎರಡು ಫೋನ್ ನಂಬರುಗಳಿವೆ. ಒಂದು ನಂಬರು ಸ್ಥಾವರದ ಒಳಗೆ ಇರುವ ಹೊತ್ತಿನಲ್ಲೇ ಇನ್ನೊಂದು ಸೈನ್ಯದ ವಿಮಾನ ನೆಲೆಯ ಬೇಲಿಯ ಪಕ್ಕದಲ್ಲಿರುತ್ತದೆ. ಐದು ತಿಂಗಳಲ್ಲಿ ನಲವತ್ತೊಂದು ಸಲ. ಪ್ರತಿ ಸಲ ಅದೇ ಜಾಗ, ಅದೇ ಹೊತ್ತು, ಹತ್ತು ನಿಮಿಷ ನಿಲ್ಲುತ್ತದೆ, ಹೋಗುತ್ತದೆ. ಕೆಳಗೆ ಆ ನಂಬರಿತ್ತು.

ಪ್ರತಿ ಶುಕ್ರವಾರ ನಾನೇ ಫೋನ್ ಮಾಡುವ ನಂಬರು ಅದು. ನನ್ನ ತಂಗಿ ಎಮಿಲಿಯಾಳ ಗಂಡ ಆನ್ಸೆಲ್ಮ್‌ನದ್ದು.

ಆನ್ಸೆಲ್ಮ್ ಎರಡು ವರ್ಷದ ಹಿಂದೆ, ನಲವತ್ತಾರನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದ. ಊರಿನಿಂದ ಹೊಸಬರು ಬಂದರೆ ಅವರ ಐಡಿ ಕೈಗೆ ಸಿಗುವವರೆಗೆ ನಮ್ಮಲ್ಲಿ ಯಾರಾದರೊಬ್ಬರು ತಮ್ಮ ಹೆಸರಿನಲ್ಲಿ ಸಿಮ್ ತೆಗೆದುಕೊಡುತ್ತೇವೆ. ಹಾಗೆ ಕೊಡಬಾರದು ಎಂದು ಗೊತ್ತು, ಆದರೆ ಬಂದವನು ಮನೆಗೆ ಒಂದು ಫೋನ್ ಮಾಡುವುದು ಬೇಡವೇ? ಆಗ ನನ್ನ ಐಡಿ ನವೀಕರಣಕ್ಕೆ ಹೋಗಿತ್ತು. "ಬ್ಯಾರಿಗಳೇ, ಭಾವನಿಗೆ ಒಂದು ಸಿಮ್ ಬೇಕಿತ್ತು" ಎಂದೆ. ಅದೇ ಸಂಜೆ ಶುಕೂರ್ ತಂದುಕೊಟ್ಟ. ಆನ್ಸೆಲ್ಮ್‌ಗೆ ಐಡಿ ಬಂದ ಮೇಲೆ ಹೆಸರು ಬದಲಾಯಿಸಬೇಕಿತ್ತು. ನಾಳೆ, ನಾಡಿದ್ದು ಎಂದು ಹಾಗೆಯೇ ಬಿಟ್ಟೆವು. ಅವನು ದುಬೈಯ ಅಲ್ ಕೂಜ್‌ನ ಒಂದು ಗೋದಾಮಿನಿಂದ ಪಿಕಪ್‌ನಲ್ಲಿ ಕುಡಿಯುವ ನೀರಿನ ಕ್ಯಾನ್ ಹಾಕುತ್ತಿದ್ದ. ಆ ಬೇಲಿಯ ಪಕ್ಕ ಒಂದು ಲೇಬರ್ ಕ್ಯಾಂಪ್ ಇದೆ. ವಾರಕ್ಕೆ ಎರಡು ಸಲ ನೀರು ಇಳಿಸುತ್ತಾನೆ, ಅಷ್ಟೇ. ನೀರು ಇಳಿಸಲಿಕ್ಕೆ ಹತ್ತು ನಿಮಿಷ ಬೇಕು.

ಆ ದಿನವೇ ಮಧ್ಯಾಹ್ನ ಶುಕೂರನ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವನು ಮೊದಲು ನಕ್ಕ.

"ನೀರಿನ ಕ್ಯಾನಿಗೆ ಇಷ್ಟು ಗಲಾಟೆಯಾ ಮಾರಾಯ್ರೆ!" ಆಮೇಲೆ ಬಾಗಿಲು ಮುಚ್ಚಿದ. "ಪೊರ್ಬುಗಳೇ, ನೀವು ಆನ್ಸೆಲ್ಮಣ್ಣನ ಹೆಸರು ಹೇಳ್ಲಿಕ್ಕಿಲ್ಲ. ನನ್ನದು ಹೇಗೂ ಹೋಯ್ತು. ಊರಲ್ಲಿ ತಮ್ಮನ ಅಂಗಡಿ ಉಂಟು, ಹೇಗೋ ಆಗ್ತದೆ. ಆ ಪಾಪದವ ಬಂದು ಎರಡೇ ವರ್ಷ ಆದದ್ದು."

"ಫರ್ಝಾನಳ ಓದು?"

"ಅಲ್ಲಾಹು ಇದ್ದಾನೆ. ನನಗೆ ಮಾತು ಕೊಡಿ."

ಕೊಟ್ಟೆ. ಅವನ ಕೈಹಿಡಿದೇ ಮಾತು ಕೊಟ್ಟೆ.

ಹನ್ನೆರಡನೆಯ ದಿನ ಅವನ ಕಂಪನಿಯವರು ಬಂದು ಪೆಟ್ಟಿಗೆ ಕಟ್ಟಿಕೋ ಎಂದರು. ಅವನು ಫರ್ಝಾನಳಿಗೆ ಫೋನ್ ಮಾಡಿ, ರಜೆ ಸಿಕ್ಕಿತು ಮಗಳೇ, ಬರುತ್ತೇನೆ ಎಂದು ಸುಳ್ಳು ಹೇಳುವುದನ್ನು ನಾನು ಎದುರಿಗೆ ನಿಂತು ಕೇಳಿದೆ. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಹೇಳಲಾರೆ. ನೇರ ಆಫೀಸಿಗೆ ಬಂದು ಕಂಪ್ಯೂಟರ್ ತೆರೆದೆ. ಕೆಂಪು ಬಂದವರ ಬಗ್ಗೆ ವಿವರಣೆ ಕೊಡಲಿಕ್ಕೆ ಅಲ್ಲಿ ಒಂದು ಸಣ್ಣ ಜಾಗ ಇದೆ. ಸತ್ಯ ಹೇಳಿದರೆ ಇಬ್ಬರೂ ಉಳಿಯುತ್ತಾರೆ ಎಂದು ನಂಬಿದೆ. ಅಷ್ಟು ಬುದ್ಧಿವಂತ ಯಂತ್ರಕ್ಕೆ ನೀರಿನ ಕ್ಯಾನ್ ಅರ್ಥವಾಗದೇ ಇರುತ್ತದೆಯೇ? ಆ ನಂಬರು ಬಳಸುವವನು ಆನ್ಸೆಲ್ಮ್, ನೀರು ಹಾಕುವವನು, ಶುಕೂರ್ ನಿರಪರಾಧಿ, ಇಬ್ಬರೂ ನಿರಪರಾಧಿಗಳು ಎಂದು ಬರೆದು ಕಳಿಸಿದೆ. ಸಿಮ್ ಕೇಳಿದವನು ನಾನು ಎಂದು ಬರೆಯಲಿಲ್ಲ. ಜಾಗ ಸಾಲಲಿಲ್ಲ ಎಂದು ಬೇಕಾದರೆ ಹೇಳಬಹುದು. ಅದು ಸುಳ್ಳು.

ಒಂದು ನಿಮಿಷವೂ ಆಗಲಿಲ್ಲ, ಉತ್ತರ ಬಂತು. ಮಾಹಿತಿಗೆ ಧನ್ಯವಾದ, ಹೊಸ ವ್ಯಕ್ತಿಯ ವಿವರ ಸೇರಿಸಲಾಗಿದೆ. ಶುಕೂರನ ತೊಂಬತ್ತೊಂದು ತೊಂಬತ್ತಾರಾಯಿತು.

ಸಾಲೆಮ್ ಓದಿ ತಲೆಗೆ ಕೈಹಚ್ಚಿ ಕುಳಿತ. "ಯಾಕೆ ಬರೆದೆ ಹರ್ಬರ್ಟ್? ನಿನ್ನೆವರೆಗೆ ಒಬ್ಬ ಮನುಷ್ಯ, ಒಂದು ವಿಚಿತ್ರ ನಂಬರು ಇತ್ತು. ಈಗ ಸಿಮ್ ಬಚ್ಚಿಟ್ಟ ಇಬ್ಬರು ಸಿಕ್ಕಿದರು."

"ಅಳಿಸಿ ಸಾರ್. ಕಾಲಿಗೆ ಬೀಳ್ತೇನೆ."

"ಅಳಿಸಲಿಕ್ಕೆ ಜಾಗವೇ ಇಲ್ಲ," ಎಂದು ಅವನು ನನಗೆ ಪರದೆ ತೋರಿಸಿದ. ನಿಜವಾಗಿಯೂ ಇರಲಿಲ್ಲ.

ಆನ್ಸೆಲ್ಮ್‌ಗೆ ತಿಳಿಸಲಿಕ್ಕೆ ಫೋನ್ ಎತ್ತಿದೆ. ಯಾವ ನಂಬರಿಗೆ ಮಾಡುವುದು? ನಾನು ಎಚ್ಚರಿಸಿದ್ದೂ ಯಂತ್ರಕ್ಕೆ ಗೊತ್ತಾದರೆ ಏನೆಂದು ಲೆಕ್ಕ ಹಾಕುತ್ತದೋ! ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟೆ.

ಹದಿನಾಲ್ಕನೆಯ ದಿನ ಶುಕೂರ್ ಊರಿಗೆ ಹೋದ. ವಿಮಾನ ನಿಲ್ದಾಣದ ಬಸ್ಸು ಹತ್ತುವಾಗ ನನ್ನನ್ನು ಅಪ್ಪಿಕೊಂಡ. ಬರೆದ ವಿಷಯ ನನ್ನ ಬಾಯಿಂದ ಹೊರಡಲಿಲ್ಲ. ಅದಾಗಿ ನಾಲ್ಕನೆಯ ದಿನ ಅಲ್ ಕೂಜ್‌ನ ಗೋದಾಮಿಗೆ ಇಬ್ಬರು ಬಂದರಂತೆ. ಮೆದುವಾಗಿ ಮಾತಾಡಿದರಂತೆ, ಆನ್ಸೆಲ್ಮ್‌ನನ್ನು ಅವನ ಫೋನಿನ ಸಮೇತ ಕರೆದುಕೊಂಡು ಹೋದರಂತೆ. ಎಲ್ಲಿಗೆ ಎಂದು ಯಾರಿಗೂ ತಿಳಿಯದು. ದುಬೈಗೆ ಹೋಗಿ ನಾಲ್ಕು ಕಡೆ ವಿಚಾರಿಸಿದೆ. ಎಲ್ಲ ಕಡೆ ಕುರ್ಚಿ ಕೊಟ್ಟರು, ನೀರು ಕೊಟ್ಟರು, "ಮಾಫಿ ಮಾಲೂಮ್" ಎಂದರು. ಗೊತ್ತಿಲ್ಲ ಎಂದರ್ಥ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹನ್ನೊಂದು ದಿನವಾದರೂ ಸುದ್ದಿ ಇಲ್ಲ. ಹನ್ನೆರಡನೆಯ ದಿನ ಮಂಗಳೂರಿನ ಕುಲಶೇಖರದಿಂದ ಎಮಿಲಿಯಾಳ ಫೋನ್ ಬಂತು. ಅತ್ತು ಅತ್ತು ಅವಳ ಸ್ವರ ಒಡೆದಿತ್ತು. ಅಣ್ಣನಾದ ನನ್ನನ್ನು ಅವಳು ಕರೆಯುವುದು ಬಾಬ್ ಎಂದು.

"ಬಾಬ್, ನೀನು ಅಷ್ಟು ವರ್ಷದಿಂದ ಸೆಕ್ಯುರಿಟಿ ಆಫೀಸಲ್ಲೇ ಇದ್ದಿ. ಒಂದು ಮಾತು ಹೇಳ್ಲಿಕ್ಕೆ ಆಗುದಿಲ್ವಾ ಅವರಿಗೆ?"

ನಾನು ಎದ್ದು ಕೋಣೆಯ ಬಾಗಿಲು ಹಾಕಿದೆ. ಅವಳೇ ಮುಂದುವರಿಸಿದಳು.

"ಶುಕೂರ್ ಬಾಯ್ ಇಲ್ಲೇ ಇದ್ದಾರೆ. ಸುದ್ದಿ ಕೇಳಿ ಉಳ್ಳಾಲದಿಂದ ಬಂದದ್ದು. ಪಾಪ, ಅವರದ್ದೇ ಕೆಲಸ ಹೋಗಿದೆ. ಇಗೋ, ಮಾತಾಡು."

"ಪೊರ್ಬುಗಳೇ," ಎಂದ ಶುಕೂರ್. ಅವನು ಅಂಗಳಕ್ಕೆ ಇಳಿದ ಹಾಗೆ ಕೇಳಿಸಿತು. ಸ್ವರ ತಗ್ಗಿಸಿದ. "ನಾನು ಹೋದರೆ ಅಲ್ಲಿಗೆ ಮುಗೀತದೆ ಅಂದ್ಕೊಂಡಿದ್ದೆ. ನೀವು ಮಾತು ಕೊಟ್ಟವರು, ನೀವು ಹೇಳುವವರಲ್ಲ, ಅದು ನನಗೆ ಗೊತ್ತುಂಟು. ಆ ಮಿಷನ್‌ಗೆ ಎಷ್ಟು ಬುದ್ಧಿ ನೋಡಿ ಮಾರಾಯ್ರೆ! ಯಾರೂ ಹೇಳದೆ ತಾನೇ ಹುಡುಕಿತಲ್ಲ."

ಹಿಂದಿನಿಂದ ನನ್ನ ತಂಗಿ ಅಳುವುದು ಕೇಳುತ್ತಿತ್ತು.

"ಹೌದು ಬ್ಯಾರಿಗಳೇ," ಎಂದೆ. "ಅದಕ್ಕೆ ತುಂಬ ಬುದ್ಧಿ ಉಂಟು."